ಎಡಗಡೆಯ ಮುಂದಿನ ಗಾಲಿ

ಜೂನ್ 3, ಮಂಗಳವಾರ

ಇನ್ನು ಮೇಲೆ ನನ್ನ ಹೆಂಡತಿ ಕರಿಯವ್ವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. ತಿಳಿಸಿದವರು ಕೊಪ್ಪಳದ ಆಸ್ಪತ್ರೆಯ ನರ್ಸ್ ದೀಪಿಕಾ. ಇದುವರೆಗೆ ವಾರಕ್ಕೊಮ್ಮೆ ಇತ್ತು.

ದೀಪಿಕಾ ನನ್ನನ್ನು ಹೊರಗೆ ಕರೆದು ಹೇಳಿದರು. "ಹನುಮಣ್ಣಾರ, ಒಂದು ಪಾಳಿ ತಪ್ಪಿದ್ರ ಹೆಂಗೋ ತಡಕೊಂತಾರ. ಎರಡು ತಪ್ಪಿದ್ರ ನೀರು ಎದಿಗೆ ಏರತೈತ್ರಿ. ಹೋದ ಮಳಿಗಾಲದಾಗ ನೀವ ನೋಡೀರಿ."

ನೋಡಿದ್ದೇನೆ. ಹೋದ ಆಗಸ್ಟಿನಲ್ಲಿ ಎರಡು ವಾರ ಹಳ್ಳ ದಾಟಲು ಆಗಲಿಲ್ಲ. ಆಮೇಲೆ ಮೂರು ದಿನ ಆಮ್ಲಜನಕ ಹಚ್ಚಿದ್ದರು.

ನಮ್ಮ ಹೊಲದ ಮನೆಯಿಂದ ಡಾಂಬರು ರಸ್ತೆಗೆ ನಾಲ್ಕು ಕಿಲೋಮೀಟರ್. ಯಲಬುರ್ಗಾ ಸೀಮೆಯ ಎರೆ ಮಣ್ಣು, ಬಂಡಿ ದಾರಿ. ನಡುವೆ ಹಳ್ಳ, ಅದರ ಮೇಲೆ ಕಾಂಕ್ರೀಟಿನ ತಗ್ಗು ಸೇತುವೆ. ಒಂದು ತಾಸು ಮಳೆ ಬಂದರೆ ಬೈಕಿನ ಗಾಲಿಯೇ ತಿರುಗುವುದಿಲ್ಲ. ಆಂಬುಲೆನ್ಸ್ ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆ. ಪಕ್ಕದ ಹೊಲದವರ ಟ್ರ್ಯಾಕ್ಟರ್ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಅದೂ ಹೂತುಕೊಳ್ಳುತ್ತದೆ. ಕೊಪ್ಪಳದ ಬಸ್ಸು ಬೆಳಿಗ್ಗೆ ಏಳೂವರೆಗೆ.

ಕೊಪ್ಪಳದಲ್ಲಿ ಮಳೆಗಾಲ ಮುಗಿಯುವ ತನಕ ಒಂದು ಖೋಲಿ ಹಿಡಿಯೋಣ ಎಂದೆ.

"ನೀವು ಹಿಡೀರಿ," ಎಂದಳು ಕರಿಯವ್ವ. "ವಾರದಾಗ ಎರಡು ದಿನ ಆ ಆಸ್ಪತ್ರಿ ವಾಸನಿ ಸಾಕು. ಉಳದ ಐದು ದಿನ ನನಗ ನನ್ನ ಎಮ್ಮಿ ವಾಸನಿ ಬೇಕು."

ಜೂನ್ 8, ಭಾನುವಾರ

ತೀರ್ಮಾನವಾಗಿದೆ. ನಮ್ಮ ಹಳೆಯ ಪಿಕಪ್ಪನ್ನು ನಾಲ್ಕೂ ಗಾಲಿ ಎಳೆಯುವ ಗಾಡಿಯಾಗಿ ಮಾಡುವುದು.

ಈಗ ಇಂಜಿನ್ನಿನ ಬಲ ಹಿಂದಿನ ಎರಡು ಗಾಲಿಗೆ ಮಾತ್ರ ಹೋಗುತ್ತದೆ. ಕೆಸರಿನಲ್ಲಿ ಅವು ಸುಮ್ಮನೆ ತಿರುಗುತ್ತವೆ, ಗಾಡಿ ಕದಲುವುದಿಲ್ಲ. ಮುಂದಿನ ಗಾಲಿಗಳೂ ಎಳೆಯಬೇಕಾದರೆ ಬಲ ಒಯ್ಯುವ ಮುಂದಿನ ಎಕ್ಸಲ್ ಬೇಕು, ಬಲವನ್ನು ಹಿಂದೆ ಮುಂದೆ ಹಂಚುವ ಇನ್ನೊಂದು ಗೇರ್‌ಬಾಕ್ಸ್ ಬೇಕು. ಇವೆರಡೂ ಹಳೆಯ ಫೋರ್‌ವೀಲ್ ಜೀಪಿನಲ್ಲಿ ಸಿಗುತ್ತವೆ. ಹೀಗೆ ಕಟ್ಟಿದ ಗಾಡಿಯನ್ನು ಡಾಂಬರು ರಸ್ತೆಗೆ ಹತ್ತಿಸಲು ಪರವಾನಗಿ ಇಲ್ಲ. ಹತ್ತಿಸುವುದೂ ಇಲ್ಲ. ಮನೆಯಿಂದ ರಸ್ತೆಯ ಅಂಚಿನ ತನಕ ಅದರ ಕೆಲಸ. ಮುಂದೆ ಬಸ್ಸು.

ಅಂಥ ಜೀಪು ಒಂದಿದೆ. ಗಂಗಾವತಿಯ ಆಚೆ, ಕಾಲುವೆ ಪಕ್ಕದ ಊರಿನಲ್ಲಿ. ಮಾಲೀಕ ತೀರಿಕೊಂಡು ನಾಲ್ಕು ವರ್ಷ. ಹೆಸರು ಮುದುಕಪ್ಪ. ನನಗಿಂತ ಆರು ವರ್ಷ ದೊಡ್ಡವ, ಒಡಹುಟ್ಟಿದವ.

ಆ ಸಂಗತಿಯನ್ನೂ ಒಮ್ಮೆ ಬರೆದಿಡುತ್ತೇನೆ. ಏಳು ವರ್ಷದ ಹಿಂದೆ, ಜುಲೈಯಲ್ಲಿ, ಜೀಪಿನ ಮಾಲೀಕ ಭತ್ತದ ನಾಟಿಗೆ ಹೆಣ್ಣಾಳುಗಳನ್ನು ಕರೆದೊಯ್ಯುತ್ತಿದ್ದ. ಕಾಲುವೆ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂತು. ಜೀಪು ಬಲಕ್ಕೆ ಇಳಿದು ಗದ್ದೆಯಲ್ಲಿ ಉರುಳಿತು. ಕಳಕಮ್ಮ ಎಂಬ ಹೆಣ್ಣುಮಗಳು ಸತ್ತಳು. ಬ್ರೇಕ್ ಒತ್ತಿದ ಕೂಡಲೇ ಗಾಡಿ ಬಲಕ್ಕೆ ಎಳೆಯಿತು ಎಂದು ಮಾಲೀಕ ಹೇಳಿದ. ಕೇಸು ಬೇರೆ ನಡೆದು ಬೇರೆ ಮುಗಿಯಿತು. ಅದಕ್ಕೂ ಮೊದಲೇ ಊರ ಹಿರಿಯರು ಗುಡಿ ಕಟ್ಟೆಯಲ್ಲಿ ಸೇರಿ ನನ್ನನ್ನು ಕರೆಸಿದರು. ನೀನು ಕುಷ್ಟಗಿಯಲ್ಲಿ ಬಸ್ಸಿನ ಮಿಸ್ತ್ರಿ, ನೀನೇ ನೋಡಿ ಹೇಳು ಎಂದರು.

ನೋಡಿದೆ. ಪೆಡಲ್ ಗಟ್ಟಿ ಇತ್ತು. ಬ್ರೇಕ್ ಎಣ್ಣೆ ತುಂಬಿತ್ತು. ಹಿಂದಿನ ಗಾಲಿಗಳ ಎರಡೂ ಬ್ರೇಕ್ ಡ್ರಮ್ ಬಿಚ್ಚಿ ನೋಡಿದೆ. "ಬ್ರೇಕ್ ಸರಿ ಐತ್ರಿ" ಎಂದು ಎಲ್ಲರ ಮುಂದೆ ಹೇಳಿದೆ. ಒಡಹುಟ್ಟಿದವನೆಂದು ಬೇರೆ ಹೇಳಲು ಬರುವುದಿಲ್ಲ. ಬ್ರೇಕ್ ಸರಿ ಇದ್ದರೆ ತಪ್ಪು ಓಡಿಸಿದವನದು ಎಂದು ಊರು ತೀರ್ಮಾನಿಸಿತು. ಆ ದಿನದಿಂದ ಆ ಜೀಪನ್ನು ಯಾರೂ ಹತ್ತಲಿಲ್ಲ. ಅವನೂ ಹತ್ತಲಿಲ್ಲ. ನಾವಿಬ್ಬರೂ ಮಾತಾಡಲಿಲ್ಲ. ಅವನ ಮಣ್ಣಿಗೆ ಹೋಗಿದ್ದೆ. ಮನೆಯೊಳಗೆ ಹೋಗಲಿಲ್ಲ.

ಜೂನ್ 12, ಗುರುವಾರ

ಮುಂದಿನ ಎಕ್ಸಲ್ ಮತ್ತು ಗೇರ್‌ಬಾಕ್ಸ್ ಸಿಗುತ್ತವೆ. ಕೊಡಲು ಒಪ್ಪಿದವರು ಜೀಪಿನ ಮಾಲೀಕನ ಹೆಂಡತಿ ಮಾಳವ್ವ.

ಜೀಪು ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ನಿಂತಿದೆ. ಹಿಂದಿನ ಸೀಟಿನ ಮೇಲೆ ಕೌದಿ ಹಾಸಿತ್ತು. ಮಾಳವ್ವ ಅಲ್ಲೇ ಕುಳಿತು ಅಕ್ಕಿ ಹಸನು ಮಾಡುತ್ತಿದ್ದರು.

"ಯಾರು?" ಎಂದರು. ಯಾರೆಂದು ಅವರಿಗೆ ಕಾಣುತ್ತಿತ್ತು.

"ನಾ, ಅತ್ತಿಗಿ. ಹನುಮಣ್ಣ."

"ಯಾವ ಹನುಮಣ್ಣ? ನಮ್ಮೂರಾಗ ಆರು ಮಂದಿ ಅದಾರ."

"ಕುಷ್ಟಗಿ ಹನುಮಣ್ಣ."

"ಓ, ಬಸ್ಸಿನ ಮಿಸ್ತ್ರಿ. ಇಲ್ಲಿ ಬಸ್ಸಿಲ್ಲಪ, ಜೀಪ ಐತಿ."

ನಿಂತುಕೊಂಡೇ ವಿಷಯ ಹೇಳಿದೆ. ಕರಿಯವ್ವನ ಹೆಸರು ಬಂದಾಗ ಮೊರ ಕೆಳಗಿಟ್ಟರು.

"ವಾರಕ್ಕ ಎರಡು ಸಲ ಆತೇನು? ಹೋಳಿ ಹುಣ್ಣಿವಿ ಮುಂದ ಬಂದಾಗ ಒಂದ ಅಂದಿದ್ಲು."

"ಯಾರು ಬಂದಾಗ?"

"ನಿನ್ನ ಹೆಂಡ್ತಿ. ಮತ್ಯಾರು? ವರ್ಷಕ್ಕ ಮೂರ್ನಾಕು ಸಲ ಬರ್ತಾಳ. ತವರಮನಿಗೆ ಹೊಂಟೀನಿ ಅಂತ ನಿನಗ ಹೇಳಿರಬೇಕು."

ಇದು ನನಗೆ ಗೊತ್ತಿರಲಿಲ್ಲ.

"ಮುಂದಿಂದು ತಗೊಂಡು ಹೋಗು," ಎಂದರು. "ಹಿಂದಿಂದು ಮುಟ್ಟಬ್ಯಾಡ. ಇಲ್ಲಿ ನಾ ಕುಂದ್ರತೀನಿ. ಗಾಡಿ ನೆಲಕ್ಕ ಬಿದ್ದಂಗ ಆಗಬಾರದು."

"ಹಿಂದಿಂದು ಬ್ಯಾಡ. ಪಿಕಪ್ಪಿಗೆ ಅದರದ ಐತಿ. ಮತ್ತ ಕೇಳಾಕ ಬರಂಗಿಲ್ಲ."

"ಮತ್ತ ಬರಂಗಿಲ್ಲ ಅನ್ನೂದು ನಿನಗ ಛಲೋ ಬರತೈತಿ."

ಮನೆಗೆ ಬಂದು ಕರಿಯವ್ವನನ್ನು ಕೇಳಿದೆ. "ನೀವು ಕೇಳಿದ್ರ ಹೇಳ್ತಿದ್ನಿ," ಎಂದಳು. ನಾನು ಕೇಳಿರಲಿಲ್ಲ. ಅದು ಸರಿ.

ಜೂನ್ 17, ಮಂಗಳವಾರ

ಡಯಾಲಿಸಿಸ್ ಆಯಿತು. ನೀರು ತೆಗೆಯುವ ಮೊದಲು ತೂಕ 54.5 ಕಿಲೋ, ನಂತರ 52. ಮಳೆ ಇಲ್ಲ. ಬೈಕಿನ ಮೇಲೆ ಹೋಗಿ ಬಂದೆವು.

ಜೂನ್ 19, ಗುರುವಾರ

ಮುಂದಿನ ಎಕ್ಸಲ್ಲನ್ನೂ ಗೇರ್‌ಬಾಕ್ಸನ್ನೂ ಬಿಚ್ಚಿದೆ. ಜೀಪಿನ ಮೂತಿಯ ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದ್ದೇನೆ. ಎಕ್ಸಲ್ಲನ್ನು ಗಂಗಾವತಿಯ ಅಬೇದಾಬಿಯವರ ಗುಜರಿ ಅಂಗಡಿಯಲ್ಲಿ ಇಳಿಸಿದೆ. ಏಳು ವರ್ಷ ನಿಂತ ಸಾಮಾನು, ಬೇರಿಂಗ್ ಮತ್ತು ಎಣ್ಣೆ ಸೋರದಂತೆ ತಡೆಯುವ ಸೀಲ್ ಹೊಸವು ಹಾಕಲೇಬೇಕು. ಮುಂದಿನ ಗುರುವಾರ ಬನ್ನಿ, ಇಬ್ಬರೂ ಕೂಡಿ ಬಿಚ್ಚೋಣ ಎಂದರು.

ಜೂನ್ 21, ಶನಿವಾರ

ಪಿಕಪ್ಪಿನ ಮುಂಭಾಗ ಪೂರ್ತಿ ಬಿಚ್ಚಿದೆ. ಹಳೆಯ ಎಕ್ಸಲ್ ಬಸ್ಸಿನದರಂತೆ ಬರೀ ಕಬ್ಬಿಣದ ದಿಮ್ಮಿ. ತೆಗೆಯಲು ಅರ್ಧ ದಿನ ಸಾಕಾಯಿತು. ಜೀಪಿನ ಎಕ್ಸಲ್ ನಾಲ್ಕು ಅಂಗುಲ ಗಿಡ್ಡ. ಅದಕ್ಕಾಗಿ ಗಾಡಿಯ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಹೊಸ ಹಿಡಿಕೆಗಳನ್ನು ಒಳಗೆ ಸರಿಸಿ ಬೆಸೆದೆ. ಇಂಜಿನ್ನಿನ ತಳಕ್ಕೆ ಎಕ್ಸಲ್ ತಾಗಬಾರದೆಂದು ಇಡೀ ಗಾಡಿಯನ್ನು ಐದು ಅಂಗುಲ ಎತ್ತಿದೆ.

ಕರಿಯವ್ವ ಬೇವಿನ ಕೆಳಗೆ ಹೊರಸು ಹಾಕಿಸಿಕೊಂಡು ನೋಡುತ್ತಿದ್ದಳು. ಎಡಗೈಯಲ್ಲಿ ಡಯಾಲಿಸಿಸ್ ಸೂಜಿಯ ಜಾಗ ಇರುವುದರಿಂದ ಭಾರ ಎತ್ತುವಂತಿಲ್ಲ. ಬಲಗೈಯಿಂದ ಪಾನಾಗಳನ್ನು ಕೊಡುತ್ತಿದ್ದಳು. ಹದಿನಾಲ್ಕು ಕೇಳಿದರೆ ಹದಿನೇಳು ಕೊಡುತ್ತಾಳೆ.

"ಡಿಪೋದಾಗ ನಿಮ್ಮ ಕೈಯಾಗ ಇದ್ದ ಹುಡುಗ್ರಿಗೆ ಹಿಂಗ ಬೈತಿದ್ರೇನು?"

"ಇದಕ್ಕಿಂತ ಜೋರು ಬೈತಿದ್ನಿ."

"ಅದಕ್ಕ ಒಬ್ಬಾಂವನೂ ಮನಿಗೆ ಬರವಲ್ಲ." ಪಿಕಪ್ಪಿನ ಬಾಗಿಲ ಕಡೆ ನೋಡಿ, "ಏನ್ರಿ, ಇಷ್ಟು ಎತ್ತರ ಮಾಡೀರಿ. ನಾ ಹತ್ತೂದು ಹೆಂಗ? ಏಣಿ ಹಚ್ಚತೀರೇನು?"

ಅವಳು ಸಲೀಸಾಗಿ ಎತ್ತುವ ಹೆಜ್ಜೆ ಒಂಬತ್ತು ಅಂಗುಲ. ಅಳೆದು ನೋಡಿದೆ. ಆ ಎತ್ತರಕ್ಕೆ ಎರಡು ಮೆಟ್ಟಿಲು ಬೆಸೆದೆ.

ಜೂನ್ 26, ಗುರುವಾರ

ಜೀಪಿನ ಎಡಗಡೆಯ ಮುಂದಿನ ಗಾಲಿಗೆ ಬ್ರೇಕ್ ಹಿಡಿಯುತ್ತಿರಲಿಲ್ಲ. ಹೇಳಿದವರು ಅಬೇದಾಬಿ.

ಅವರ ಗಂಡ ಹೋದ ಮೇಲೆ ಹದಿನೈದು ವರ್ಷದಿಂದ ಅಂಗಡಿ ಅವರೇ ನಡೆಸುತ್ತಾರೆ. ಜೀಪುಗಳನ್ನು ಒಡೆದು ಮಾರುವುದೇ ಕೆಲಸ. ಮೊದಲು ಬಲಗಡೆಯ ಡ್ರಮ್ ಬಿಚ್ಚಿದೆವು. ಒಳಗೆ ಒಣ ಧೂಳು, ಡ್ರಮ್ಮಿಗೆ ಒತ್ತಿ ಗಾಲಿ ಹಿಡಿಯುವ ಲೈನರ್ ಒರಟಾಗಿ ಚೆನ್ನಾಗಿತ್ತು. ಎಡಗಡೆಯದು ಬರಲಿಲ್ಲ. ಸುತ್ತಿಗೆಯಿಂದ ಬಡಿದು ತೆಗೆದಾಗ ಒಳಗೆಲ್ಲ ಕಪ್ಪು, ಕಟ್ಟಿದ ಜಿಡ್ಡು. ಅಬೇದಾಬಿ ಉಗುರಿನಿಂದ ಕೆರೆದು ಮೂಸಿ ನೋಡಿದರು.

"ಗೇರ್ ಆಯಿಲ್. ಸೀಲ್ ಹೋಗಿ ಎಕ್ಸಲ್‌ನ್ಯಾಗಿನ ಎಣ್ಣಿ ಎಲ್ಲಾ ಡ್ರಮ್ಮಿಗೆ ಬಂದೈತಿ. ಈ ಗಾಲಿಗೆ ಬ್ರೇಕ ಇಲ್ಲ ಮಿಸ್ತ್ರಿ. ಬಲಗಡಿದು ಹಿಡೀತಿತ್ತು, ಎಡಗಡಿದು ಜಾರತಿತ್ತು. ಕಾಲಿಟ್ರ ಗಾಡಿ ಸೀದಾ ಬಲಕ್ಕ."

"ಪೆಡಲ್ ಗಟ್ಟಿ ಇತ್ತು," ಎಂದೆ.

"ಪೆಡಲಿಗೇನು ಗೊತ್ತು ಪಾಪ? ಅದರ ಎಣ್ಣಿ ಬ್ಯಾರೆ, ಇದರ ಎಣ್ಣಿ ಬ್ಯಾರೆ." ನಕ್ಕರು. "ನೀವು ಬಸ್ಸಿನವ್ರು. ನಿಮ್ಮ ಬಸ್ಸಿನ ಮುಂದಿನ ಎಕ್ಸಲ್ ಬರೇ ದಿಮ್ಮಿ. ಅದರಾಗ ಎಣ್ಣಿನ ಇರಂಗಿಲ್ಲ, ಸೋರೂದು ಎಲ್ಲಿಂದ? ಫೋರ್‌ವೀಲ್ ಮಾಡೋ ಹುಡುಗ್ರನ್ನ ಕೇಳ್ರಿ. ಬಲಕ್ಕ ಎಳೀತೈತಿ ಅಂದ್ರ ಮದಲ ಇಲ್ಲೇ ಕೈ ಹಾಕ್ತಾರ. ಯಾರದಿದು? ಓಡಸಾಂವ ಅದಾನಿಲ್ಲೋ?"

"ತೀರಿಕೊಂಡಾನ."

"ಇದರಾಗೇನು?"

"ಇಲ್ಲ. ಆಮ್ಯಾಲೆ."

ಅಬೇದಾಬಿ ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡರು.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಈ ಸೋರಿಕೆ ಜೀಪು ನಿಂತ ಮೇಲೆ ಆಗಿರಬಹುದೇ? ಆಗಿರಲಾರದು. ನಿಂತ ಗಾಲಿಯಲ್ಲಿ ಎಣ್ಣೆ ಕೆಳಗಷ್ಟೇ ಇಳಿಯುತ್ತದೆ. ಇಲ್ಲಿ ಮೇಲಿನ ಲೈನರಿನಲ್ಲೂ, ಡ್ರಮ್ಮಿನ ಸುತ್ತಲೂ ಒಂದೇ ಸಮ ಮೆತ್ತಿದೆ, ಸವೆದು ಹೊಳಪು ಬಂದಿದೆ. ಗಾಲಿ ತಿರುಗುವಾಗಲೇ ಹರಡಿದ ಎಣ್ಣೆ. ಉರುಳಿದ ದಿನದ ನಂತರ ಆ ಗಾಲಿ ತಿರುಗಿಲ್ಲ.

ಮುದುಕಪ್ಪ ಬಲಕ್ಕೆ ಎಳೆಯಿತು ಎಂದಿದ್ದು ನಿಜ. ನಾನು ಮುಂದಿನ ಡ್ರಮ್ಮುಗಳನ್ನು ಬಿಚ್ಚಿರಲಿಲ್ಲ.

ಎಡಗಡೆಯ ಡ್ರಮ್ಮನ್ನೂ ಲೈನರುಗಳನ್ನೂ ಒರೆಸದೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ. ಅವುಗಳ ಬದಲು ಬೇರೆ ಜೋಡಿ ಅಬೇದಾಬಿ ಕೊಟ್ಟರು.

ಜೂನ್ 27, ಶುಕ್ರವಾರ

ಡಯಾಲಿಸಿಸ್ ಆಯಿತು. ತೂಕ ಬರೆದುಕೊಳ್ಳಲು ಮರೆತೆ. ಯಾಕೆ ಮಾತಿಲ್ಲ ಎಂದು ಕರಿಯವ್ವ ಕೇಳಿದಳು. ಬೇರಿಂಗ್ ಸಿಗಲಿಲ್ಲ ಎಂದೆ.

ಬೇರಿಂಗ್ ಸಿಕ್ಕಿದೆ.

ಜುಲೈ 5, ಶನಿವಾರ

ಗಾಡಿ ಓಡಿತು. ಆಮೇಲೆ ಮುರಿಯಿತು.

ನಿನ್ನೆ ರಾತ್ರಿ ಬಿದ್ದ ಮಳೆಗೆ ಹೊಲ ಹಸಿ ಇತ್ತು. ನಾಲ್ಕೂ ಗಾಲಿ ಹಾಕಿ ಇಳಿಸಿದರೆ ಎಮ್ಮೆ ಕೆರೆಗೆ ಇಳಿದ ಹಾಗೆ ಆರಾಮಾಗಿ ಹೋಯಿತು. ಕರಿಯವ್ವ ಬದುವಿನ ಮೇಲೆ ನಿಂತು ಬಲಗೈ ಎತ್ತಿದಳು. ಅಲ್ಲಿಂದ ಹಳ್ಳಕ್ಕೆ ಒಯ್ದೆ. ಸೇತುವೆಯ ಕಾಂಕ್ರೀಟಿನ ಮೇಲೆ ಹತ್ತಿ ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಗಾಡಿ ತಾನೇ ತನ್ನನ್ನು ಹಿಡಿದುಕೊಂಡಿತು. ಮುಂದೆ ಹೋಗಲಿಲ್ಲ. ಫೋರ್‌ವೀಲ್ ಲಿವರ್ ಎಳೆದರೆ ಬರಲಿಲ್ಲ. ಸ್ವಲ್ಪ ರೇಸ್ ಕೊಟ್ಟೆ. ಕೆಳಗಿನಿಂದ ಗುಂಡು ಹಾರಿದಂಥ ಸಪ್ಪಳ. ಮುಂದಿನ ಎಕ್ಸಲ್ಲಿಗೆ ಬಲ ಒಯ್ಯುವ ಶಾಫ್ಟಿನ ಕೀಲು ಎರಡು ತುಂಡು.

ಮನೆಗೆ ಎಳೆತರಿಸಿ ಎರಡೂ ಎಕ್ಸಲ್‌ನ ಒಳಗಿನ ಗೇರ್ ಹಲ್ಲುಗಳನ್ನು ಎಣಿಸಿದೆ. ಪಿಕಪ್ಪಿನ ಹಿಂದಿನದು 39ಕ್ಕೆ 8, ದೊಡ್ಡ ಚಕ್ರದಲ್ಲಿ 39 ಹಲ್ಲು, ಸಣ್ಣದರಲ್ಲಿ 8. ಜೀಪಿನ ಮುಂದಿನದು 43ಕ್ಕೆ 8. ಶಾಫ್ಟು ಒಂದೇ ವೇಗದಲ್ಲಿ ತಿರುಗಿದರೂ ಹಿಂದಿನ ಗಾಲಿ ಬೇಗ ಓಡುತ್ತದೆ, ಮುಂದಿನದು ನಿಧಾನ. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಹೋಗುತ್ತದೆ. ಕಾಂಕ್ರೀಟಿನ ಮೇಲೆ ಜಾರಲು ಜಾಗ ಇಲ್ಲ. ಹಳ್ಳದ ಎರಡೂ ಬದಿಯ ಏರಿಗೆ ನಾಲ್ಕೂ ಗಾಲಿ ಬೇಕೇ ಬೇಕು. ಹಾಗಾಗಿ ನಡುವೆ ಲಿವರ್ ತೆಗೆಯುವ ಮಾತಿಲ್ಲ.

ಮೊದಲೇ ಎಣಿಸಬೇಕಿತ್ತು. ಬಸ್ಸಿನಲ್ಲಿ ಬಲ ಒಯ್ಯುವ ಎಕ್ಸಲ್ ಒಂದೇ. ಎರಡರ ಹಲ್ಲು ತಾಳೆ ನೋಡುವ ಪ್ರಸಂಗ ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಜುಲೈ 8, ಮಂಗಳವಾರ

ಮಳೆ. ಟ್ರ್ಯಾಕ್ಟರಿನಲ್ಲಿ ರಸ್ತೆಗೆ ಎರಡೂವರೆ ತಾಸು. ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಹೋದೆವು. ದೀಪಿಕಾ ಇನ್ನೊಬ್ಬರ ಪಾಳಿಯ ನಂತರ ಕೂಡಿಸಿದರು. ಟ್ರ್ಯಾಕ್ಟರಿನ ಕುಲುಕಿಗೆ ಕರಿಯವ್ವ ಎರಡು ಸಲ ವಾಂತಿ ಮಾಡಿಕೊಂಡಳು.

ಜುಲೈ 11, ಶುಕ್ರವಾರ

ಪಾಳಿ ತಪ್ಪಿತು. ಹಳ್ಳದ ನೀರು ಸೇತುವೆಯ ಮೇಲೆ ಮೊಣಕಾಲುದ್ದ. ಟ್ರ್ಯಾಕ್ಟರ್ ಈಚೆಯ ಏರಿನಲ್ಲೇ ಹೂತಿತು.

ಜುಲೈ 13, ಭಾನುವಾರ

ಪಿಕಪ್ಪಿಗೆ ಹೊಂದುವ 43ರ ಹಲ್ಲಿನ ಜೋಡಿ ಎಲ್ಲೂ ಇಲ್ಲ. ಫೋನ್ ಮಾಡಿ ತಿಳಿಸಿದವರು ಅಬೇದಾಬಿ. ಗಂಗಾವತಿ, ಹೊಸಪೇಟೆ ಎರಡೂ ಕಡೆ ಕೇಳಿದ್ದಾರೆ.

"ಮಿಸ್ತ್ರಿ, ಜೋಡಿ ಹೊರಗ್ಯಾಕ ಹುಡುಕತೀರಿ? ಮುಂದಿನ ಎಕ್ಸಲ್ ಯಾವ ಗಾಡಿದೋ ಅದರ ಹಿಂದಿಂದನ ಜೋಡಿ. ಅದನ್ನ ತರ್ರಿ."

ಕರಿಯವ್ವ ನಿನ್ನೆಯಿಂದ ಮಲಗುತ್ತಿಲ್ಲ. ಮಲಗಿದರೆ ಉಸಿರು ಹಿಡಿಯುತ್ತದೆ. ಗೋಡೆಗೆ ದಿಂಬು ಕೊಟ್ಟು ಕೂತಿದ್ದಾಳೆ. ಕಾಲು ಒತ್ತಿದರೆ ಬೆರಳಿನ ಗುಂಡಿ ಉಳಿಯುತ್ತದೆ. ಮಳೆ ಬಿಟ್ಟಿದೆ. ಮಂಗಳವಾರ ಹೇಗಾದರೂ ಹೋಗಲೇಬೇಕು.

ಅವಳಿಗೆ ಚೀಲ ತೋರಿಸಿದೆ. ಎಣ್ಣೆಯ ವಿಷಯ ಪೂರ್ತಿ ಹೇಳಿದೆ. ಬೆರಳು ಮಡಚಿ ಎಣಿಸಿದಳು.

"ಹದಿನೇಳು ದಿನ ಆತು," ಎಂದಳು. "ಬೇರಿಂಗ್ ಸಿಗಲಿಲ್ಲ ಅಂದಿದ್ರಿ."

ನಾಳೆ ಮಾಳವ್ವನ ಹತ್ತಿರ ಹೋಗುತ್ತೇನೆ, ಮೊದಲು ಎಕ್ಸಲ್ ಕೇಳುತ್ತೇನೆ, ಅದು ಕೈಗೆ ಬಂದ ಮೇಲೆ ಇದನ್ನು ಹೇಳುತ್ತೇನೆ ಎಂದೆ. ಮೊದಲು ಹೇಳಿದರೆ ಅವರು ಕೊಡಲಿಕ್ಕಿಲ್ಲ. ಕೊಡದಿದ್ದರೆ ಮಳೆಗಾಲ ಇನ್ನೂ ಮೂರು ತಿಂಗಳು ಇದೆ.

"ಹಂಗ ಮಾಡಬ್ಯಾಡ್ರಿ."

"ನಿನ್ನ ಸಲುವಾಗಿ ಹೇಳತೀನಿ."

"ಅದಕ್ಕ ಬ್ಯಾಡ ಅನ್ನಾಕತ್ತೀನಿ. ನನ್ನ ಉಸರು ನನ್ನದು. ಅದನ್ನ ಮುಂದ ಮಾಡಿ ಮಾಳಕ್ಕಗ ಮುಚ್ಚಿಡಬ್ಯಾಡ್ರಿ. ಆಕಿ ಮನ್ಯಾಗ ನಾ ಉಂಡೀನಿ."

ಮಾತಾಡಿ ದಣಿದಳು. ದಿಂಬು ಸರಿ ಮಾಡಿ ಎದ್ದೆ.

ಜುಲೈ 14, ಸೋಮವಾರ

ಹೇಳಿದೆ.

ಎಕ್ಸಲ್ ಮೊದಲು, ಡ್ರಮ್ಮು ಆಮೇಲೆ ಎಂದೇ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಮಾಳವ್ವ ಜೀಪಿನ ಹಿಂದಿನ ಸೀಟಿನಲ್ಲಿ ಕೌದಿ ಹೊಲಿಯುತ್ತಿದ್ದರು.

"ಮತ್ತ ಬರಂಗಿಲ್ಲ ಅಂದಿದ್ದಿ."

"ಅಂದಿದ್ನಿ."

ಚೀಲ ಕೆಳಗಿಟ್ಟಾಗ ಹಾಸುಗಲ್ಲಿಗೆ ತಾಗಿ ಸಪ್ಪಳವಾಯಿತು. ಅದರಾಗೇನೈತಿ ಎಂದರು. ಅವರೇ ಕೇಳಿದ್ದರಿಂದ ಅದನ್ನೇ ಮೊದಲು ಹೇಳಬೇಕಾಯಿತು.

ಡ್ರಮ್ಮು ಹೊರಗೆ ತೆಗೆದೆ. ಎಣ್ಣೆ ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲಬೇಕು, ಸೀಲ್ ಹೋದರೆ ಎಲ್ಲಿಗೆ ಹೋಗುತ್ತದೆ, ಬಲಕ್ಕೆ ಏಕೆ ಎಳೆಯುತ್ತದೆ, ಎಲ್ಲವನ್ನೂ ಹೇಳಿದೆ. ಇದು ಗಾಡಿ ನಿಂತ ಮೇಲೆ ಆದದ್ದಲ್ಲ ಎಂಬುದನ್ನೂ ಹೇಳಿದೆ. ಅವರು ಜೀಪಿನಿಂದ ಇಳಿದು ಬಂದು ಜಿಡ್ಡಿನ ಮೇಲೆ ಬೆರಳಿಟ್ಟು ನೋಡಿದರು.

"ಅವತ್ತ ನೀ ಇದನ್ನ ಬಿಚ್ಚಿರಲಿಲ್ಲೇನು?"

"ಇಲ್ಲ ಅತ್ತಿಗಿ. ಹಿಂದಿನವು ಬಿಚ್ಚಿದ್ನಿ."

"ಯಾಕ ಬಿಚ್ಚಲಿಲ್ಲ?"

"ಅಲ್ಲಿ ನೋಡಬೇಕು ಅನ್ನೂದು ಗೊತ್ತಿರಲಿಲ್ಲ."

"ಗೊತ್ತಿಲ್ಲ ಅಂತ ಹೇಳಬೇಕಿತ್ತು. ಸರಿ ಐತಿ ಅಂತ ಯಾಕ ಹೇಳಿದಿ?"

ನಾನು ಲೈನರುಗಳನ್ನೂ ತೆಗೆದು ಡ್ರಮ್ಮಿನ ಪಕ್ಕ ಇಟ್ಟೆ.

"ನಿನಗೊಂದು ಹೇಳತೀನಿ, ಕೇಳು," ಎಂದರು. "ಅವರು ಮದಮದಲ ಬಲಕ್ಕ ಎಳೀತು, ಬಲಕ್ಕ ಎಳೀತು ಅಂತಿದ್ರು. ನೀ ಹೇಳಿ ಹೋದ ಮ್ಯಾಲೆ ಒಂದು ತಿಂಗಳ ಸುಮ್ಮನಾದ್ರು. ಆಮ್ಯಾಲೆ ಏನಂದ್ರು ಗೊತ್ತೈತೇನು? ಮಾಳಿ, ನನ್ನ ತಮ್ಮ ನೋಡ್ಯಾನ. ಅವ ಗಾಡಿ ವಿಷಯದಾಗ ತಪ್ಪ ಹೇಳಂಗಿಲ್ಲ. ನಾನ ಗಾಬರ್ಯಾಗಿ ಹ್ಯಾಂಡಲ್ ಎಳದಿರಬೇಕು, ನನಗ ನೆನಪಿಲ್ಲ. ಹಂಗ ಅಂದ್ರು. ಸಾಯೂ ಮಟ ಹಂಗ ಅಂದ್ರು."

ಅಣ್ಣ ಹೀಗೆ ಹೇಳುತ್ತಿದ್ದದ್ದು ನನಗೆ ಇಂದೇ ತಿಳಿದದ್ದು.

ಕಟ್ಟೆಯ ಮೇಲೆ ಕೂತೆ. ಅತ್ತಿಗೆ ಒಳಗೆ ಹೋಗಿ ಬಂದರು. ಚೆರಿಗೆಯಲ್ಲಿ ನೀರು ತಂದು ಮುಂದಿಟ್ಟರು. ಕೈಗೆ ಕೊಡಲಿಲ್ಲ.

"ಇದನ್ನಷ್ಟ ಹೇಳಾಕ ಬಂದ್ಯೋ, ಮತ್ತೇನರ ಐತೋ?"

"ಹಿಂದಿನ ಎಕ್ಸಲ್ ಬೇಕಾಗೈತಿ."

ಅವರು ನಕ್ಕರು. ಆ ನಗು ನನಗೆ ಅರ್ಥವಾಗಲಿಲ್ಲ. "ಕರಿಯವ್ವ ಹೆಂಗದಾಳ?"

"ಶುಕ್ರವಾರ ಪಾಳಿ ತಪ್ಪಿತು. ಮಕ್ಕೊಳ್ಳಾಕ ಬರವಲ್ದು. ಕುಂತ ನಿದ್ದಿ ಮಾಡತಾಳ."

"ಶನಿವಾರ ಬಂದು ಬಿಚ್ಚಿಕೊಂಡು ಹೋಗು. ಅದು ಆಕಿಗೆ. ನಿನಗಲ್ಲ."

"ಹೂಂ."

"ನನ್ನದು ಬ್ಯಾರೆ ಐತಿ. ಅವತ್ತ ಗುಡಿ ಕಟ್ಟಿಗೆ ಎಷ್ಟ ಮಂದಿ ಇದ್ರು?"

"ನಲವತ್ತು ಮಂದಿ ಇದ್ದಿರಬೇಕು."

"ಅವ್ರಾಗ ಈಗ ಬದುಕಿ ಉಳದವ್ರನ್ನ ನಾ ಕೂಡಸ್ತೀನಿ. ಕಳಕಮ್ಮನ ಮಗಗೂ ಹೇಳಿ ಕಳಸ್ತೀನಿ. ಈಗ ನನಗ ಹೇಳಿದ್ದನ್ನ ಅವ್ರ ಮುಂದ ಹೇಳು. ಸಣ್ಣ ದನಿಲೆ ಹೇಳಬ್ಯಾಡ. ಅವತ್ತ ಜೋರ ಹೇಳಿದ್ದಿ. ಕಳಕಮ್ಮನ ಮಗ ಏನರ ಅಂದ್ರ ಅನ್ನಿಸ್ಕೋ."

"ಆತು ಅತ್ತಿಗಿ."

ಡ್ರಮ್ಮನ್ನು ಅಲ್ಲೇ ಬಿಟ್ಟು ಬಂದೆ. ಇರಲಿ ಎಂದರು.

ಜುಲೈ 15, ಮಂಗಳವಾರ

ಮಳೆ ಇಲ್ಲ. ಟ್ರ್ಯಾಕ್ಟರ್ ಹೋಯಿತು. ಕರಿಯವ್ವನ ತೂಕ 57. ನಾಲ್ಕೂವರೆ ತಾಸು ಕೂಡಿಸಿದರು. ನಂತರ 53. ಇನ್ನೊಂದು ಪಾಳಿ ತಪ್ಪಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ ಎಂದು ದೀಪಿಕಾ ಹೇಳಿದರು. ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ಯಲಬುರ್ಗಾದ ತನಕ ನಿದ್ದೆ ಮಾಡಿದಳು. ಹೆಗಲು ಜೋಮು ಹಿಡಿಯಿತು. ಸರಿಸಲಿಲ್ಲ.

ಜುಲೈ 19, ಶನಿವಾರ

ಅಣ್ಣನ ಜೀಪಿನ ಹಿಂದಿನ ಎಕ್ಸಲ್ ಬಿಚ್ಚಿದೆ.

ಜಾಕ್ ಇಳಿಸುವಾಗ ಅತ್ತಿಗೆ ಬಾಡಿಯ ಅಂಚು ಹಿಡಿದು ನಿಂತಿದ್ದರು. ದೂರ ಸರಿಯಿರಿ ಎಂದರೆ ಸರಿಯಲಿಲ್ಲ.

"ನಿಧಾನಕ್ಕ ಇಳಸು. ಒಳಗ ಮಂದಿ ಅದಾರ ಅನ್ನೂ ಹಂಗ ಇಳಸು."

ಹಾಗೆಯೇ ಇಳಿಸಿದೆ. ಚಾಸಿಯ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಮಟ್ಟಗೋಲು ಇಟ್ಟು ನೋಡಿದಾಗ ಎಡಕ್ಕೆ ಅರ್ಧ ಅಂಗುಲ ತಗ್ಗು ಇತ್ತು. ಚಪ್ಪಡಿ ಚೂರು ಕೊಟ್ಟು ಸರಿ ಮಾಡಿದೆ. ಮೊದಲಿಗಿಂತ ಎರಡು ಅಡಿ ಕೆಳಗೆ ಬಂದಿದೆ. ಅತ್ತಿಗೆ ಹತ್ತಿ ಕೂತು ನೋಡಿದರು.

"ಈಗ ಹತ್ತಾಕ ಹಗೂರಾತು," ಎಂದರು. ಆಮೇಲೆ, "ಅಡಗಿ ಆಗೈತಿ. ಕೈ ತೊಳಕೋ."

ಉಂಡೆ. ಜೋಳದ ರೊಟ್ಟಿ, ಪುಂಡಿಪಲ್ಲೆ. ಅಣ್ಣನ ಫೋಟೊ ಬಾಗಿಲ ಎದುರಿಗೇ ಇದೆ. ಡ್ರೈವರ್ ಅಂಗಿಯಲ್ಲಿ ತೆಗೆಸಿದ್ದು, ಮೂವತ್ತರ ವಯಸ್ಸಿನದು. ಕೆಳಗೆ, ನೆಲದ ಮೇಲೆ ಹಳೆಯ ಪೇಪರ್ ಹಾಸಿ ಡ್ರಮ್ಮು ಇಟ್ಟಿದ್ದಾರೆ.

ಜುಲೈ 23, ಬುಧವಾರ

ಹಿಂದಿನ ಎಕ್ಸಲ್ ಕೂತಿತು. ಎರಡೂ 43ಕ್ಕೆ 8. ಎರಡು ಸಲ ಎಣಿಸಿದೆ. ನಿನ್ನೆ ಆಸ್ಪತ್ರೆಗೆ ಹೋಗಿ ಬಂದ ದಣಿವಿನಲ್ಲೂ ಕರಿಯವ್ವ ಬಂದು ಮೂರನೆಯ ಸಲ ಎಣಿಸಿದಳು. ತನಗೆ ಓದಲು ಬರದಿದ್ದರೂ ಎಣಿಸಲು ಬರುತ್ತದೆ ಎಂದಳು. ಅವಳಿಗೂ 43 ಬಂತು.

ಜುಲೈ 25, ಶುಕ್ರವಾರ

ಗಾಡಿ ಹಳ್ಳ ದಾಟಿತು.

ನಿನ್ನೆ ಸಂಜೆಯಿಂದ ಮಳೆ. ಬೆಳಿಗ್ಗೆ ಆರಕ್ಕೆ ಸೇತುವೆಯ ಮೇಲೆ ಒಂದು ಗೇಣು ನೀರು ಇತ್ತು, ಇಳಿಯುತ್ತಿತ್ತು. ಮೊದಲು ಕೋಲು ಹಿಡಿದು ನಡೆದು ನೋಡಿಬಂದೆ. ಕಾಂಕ್ರೀಟಿನ ಅಂಚು ಕಾಲಿಗೆ ಸಿಗುತ್ತಿತ್ತು. ನಮ್ಮ ಹಿಂದೆ ಪಕ್ಕದ ಹೊಲದವರ ಟ್ರ್ಯಾಕ್ಟರ್ ಹಗ್ಗ ಇಟ್ಟುಕೊಂಡು ನಿಂತಿತ್ತು.

ಕರಿಯವ್ವ ಎರಡು ಮೆಟ್ಟಿಲು ಹತ್ತಿ ಕೂತಳು. "ನಿಮ್ಮ ಬಸ್ಸಿನಕಿಂತ ಛಲೋ ಐತಿ," ಎಂದಳು. "ಕಂಡಕ್ಟರ್ ಒಬ್ಬಾಂವ ಕಡಿಮಿ."

ಎರೆಯಲ್ಲಿ ಗಾಲಿ ಅರ್ಧ ಹೂತರೂ ನಿಲ್ಲಲಿಲ್ಲ. ಸೇತುವೆಯ ಮೇಲೆ ಬಂದಾಗ ನಾನು ಕೈ ಬಿಗಿ ಹಿಡಿದಿದ್ದೆ. ಗಾಡಿ ತನ್ನನ್ನು ಹಿಡಿದುಕೊಳ್ಳಲಿಲ್ಲ, ಸರಾಗವಾಗಿ ನೀರು ಸೀಳಿಕೊಂಡು ಆಚೆಯ ಏರು ಹತ್ತಿತು. ಏರಿನ ಮೇಲೆ ಒಮ್ಮೆ ಬ್ರೇಕ್ ಒತ್ತಿ ನೋಡಿದೆ. ನೇರ ನಿಂತಿತು.

"ಯಾಕ ನಿಲ್ಲಿಸಿದ್ರಿ?"

"ಸುಮ್ಮನ."

"ಅಳಾಕ ಹತ್ತೀರೇನು?"

"ಇಲ್ಲ. ಗಾಜು ಒರಸಬೇಕಿತ್ತು." ವೈಪರ್ ಇನ್ನೂ ಹಾಕಿಲ್ಲ.

ರಸ್ತೆಯ ಅಂಚಿಗೆ 6.50ಕ್ಕೆ ಮುಟ್ಟಿದೆವು. ಗಾಡಿಯನ್ನು ಅಲ್ಲೇ ನಿಲ್ಲಿಸಿ ಏಳೂವರೆಯ ಬಸ್ಸು ಹತ್ತಿದೆವು. ಡಯಾಲಿಸಿಸ್ ಸಮಯಕ್ಕೆ ಆಯಿತು. ತೂಕ ಮೊದಲು 54, ನಂತರ 51.9.

ಆಸ್ಪತ್ರೆಯಲ್ಲಿ ಇದ್ದಾಗ ಅತ್ತಿಗೆಯ ಫೋನ್ ಬಂತು. ಮೊದಲು ಕರಿಯವ್ವನ ಜೊತೆ ಮಾತಾಡಿದರು. ಆಮೇಲೆ ನನಗೆ ಕೊಡಲು ಹೇಳಿದರು. ಹಿರಿಯರಲ್ಲಿ ಇಪ್ಪತ್ತಾರು ಮಂದಿ ಬರುತ್ತಾರೆ. ಕಳಕಮ್ಮನ ಮಗ ಬರುತ್ತೇನೆ ಎಂದಿದ್ದಾನೆ, ಆದರೆ ಕೂರುವುದಿಲ್ಲ, ನಿಂತೇ ಕೇಳುತ್ತೇನೆ ಎಂದಿದ್ದಾನಂತೆ.

ಹೇಳಬೇಕಾದದ್ದನ್ನು ಬರೆದುಕೊಂಡೆ. ಮೊದಲು ಎರಡು ಪುಟ ಆಯಿತು. ಬಸ್ಸಿನ ಎಕ್ಸಲ್, ಜೀಪಿನ ಎಕ್ಸಲ್, ಸೀಲ್ ಎಲ್ಲ ಬಂದಿತ್ತು. ಕರಿಯವ್ವನಿಗೆ ಓದಿ ಹೇಳಿದೆ. "ಭಾಳ ಆತು," ಎಂದಳು. ಹೊಡೆದುಹಾಕಿ ಮೂರು ಸಾಲು ಉಳಿಸಿದ್ದೇನೆ. ನನ್ನ ಅಣ್ಣ ನಿಜ ಹೇಳಿದ್ದ. ನಾನು ನೋಡದೆ ಹೇಳಿದೆ. ಬ್ರೇಕ್ ಸರಿ ಇರಲಿಲ್ಲ.

ಸಭೆ ಭಾನುವಾರ, ಜುಲೈ 27, ಬೆಳಿಗ್ಗೆ ಹತ್ತಕ್ಕೆ. ಮನೆ ಬಿಡುವುದು ಐದೂವರೆಗೆ.